ಅನುಗೊಂಡನಹಳ್ಳಿಯ ಬಾಲ್‌ಪೆನ್ ಶಾಸನ: ಒಂದು ಹೈಸ್ಕೂಲು ಪ್ರೇಮ ಕಾದಂಬರಿಯ ಕೊನೆಯ ಪುಟದ ಸಮಗ್ರ ಅಧ್ಯಯನ

ಪೀಠಿಕೆ

ಕಲ್ಲಿನ ಮೇಲೆ ಕೊರೆದದ್ದಕ್ಕೆ ಈ ನಾಡಿನಲ್ಲಿರುವ ಮರ್ಯಾದೆ ಕಾಗದದ ಮೇಲೆ ಬರೆದದ್ದಕ್ಕಿಲ್ಲ. ಕಾಗದದ ಮೇಲೆ ಅಚ್ಚಾದದ್ದಕ್ಕಿರುವ ಮರ್ಯಾದೆ ಅಚ್ಚಿನ ಪಕ್ಕದ ಖಾಲಿ ಜಾಗದಲ್ಲಿ ಗೀಚಿದ್ದಕ್ಕಂತೂ ಇಲ್ಲವೇ ಇಲ್ಲ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ, ಅಂದರೆ 1905ರಲ್ಲಿ, ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದಾಗ ಹೊಸಕೋಟೆ ತಾಲ್ಲೂಕಿನ ಶಾಸನಗಳಿಗೂ ಒಂದೊಂದು ಕ್ರಮಸಂಖ್ಯೆ ದೊರೆಯಿತು. ದಾನ ಕೊಟ್ಟವರು ದಾಖಲಾದರು, ಕಾದಾಡಿ ಬಿದ್ದವರು ದಾಖಲಾದರು. ಕಾದಂಬರಿ ಓದಿ ಮುಗಿಸಿ "ಹಿಂಗಿದೆ" ಎಂದು ಬರೆದಿಟ್ಟವರು ಮಾತ್ರ ಇಂದಿಗೂ ಅನಾಥರು.

ಈ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹೊಸಕೋಟೆ ತಾಲ್ಲೂಕಿನಲ್ಲಿ ಹೋಬಳಿ ಕೇಂದ್ರವಾಗಿರುವ ಅನುಗೊಂಡನಹಳ್ಳಿಯಲ್ಲಿ ದೊರೆತ ಒಂದು ಹೈಸ್ಕೂಲು ಪ್ರೇಮ ಕಾದಂಬರಿಯ ಕೊನೆಯ ಪುಟದಲ್ಲಿ ಓದುಗರು ಬರೆದಿರುವ ಅಭಿಪ್ರಾಯವನ್ನು ನಾವಿಲ್ಲಿ ಶಾಸನವೆಂದೇ ಭಾವಿಸಿ, ಅದಕ್ಕೆ 'ಹೊಸಕೋಟೆ ಬಾಲ್‌ಪೆನ್ 1' ಎಂದು ಸಂಖ್ಯೆ ಕೊಟ್ಟಿದ್ದೇವೆ. ನಾವು ಎಂದರೆ ಪ್ರಬಂಧಕಾರನೊಬ್ಬನೇ. ಸಂಶೋಧನೆಯಲ್ಲಿ ಒಬ್ಬನೇ ಇದ್ದರೂ ಬಹುವಚನದಲ್ಲಿರಬೇಕೆಂಬುದು ವಿದ್ವಾಂಸರ ಸಂಪ್ರದಾಯ.

1. ಉಪಲಬ್ಧ ಪ್ರತಿ

ಪ್ರತಿ ದೊರೆತದ್ದು ಊರಿನ ಹಳೇ ಪೇಪರ್ ಅಂಗಡಿಯೊಂದರಲ್ಲಿ. ಮಾಲೀಕರು ಅದನ್ನು ತಕ್ಕಡಿಯಲ್ಲಿಟ್ಟು ತೂಗಿಯೇ ಕೊಟ್ಟರು. ಪುಸ್ತಕದ ಮಹತ್ವವನ್ನು ವಿವರಿಸಲು ಹೊರಟಾಗ, "ಕೆ.ಜಿ. ಲೆಕ್ಕ ಸಾರ್. ಓದಿದ್ದಾದ್ರೂ ಅಷ್ಟೇಯ, ಓದ್ದೆ ಇರೋದಾದ್ರೂ ಅಷ್ಟೇಯ" ಎಂದರು. ಇಷ್ಟು ನಿಷ್ಪಕ್ಷಪಾತವಾದ ಮಾನದಂಡ ಕನ್ನಡ ವಿಮರ್ಶೆಗೆ ಇನ್ನೂ ದಕ್ಕಿಲ್ಲ.

ಪುಸ್ತಕಕ್ಕೆ ರಟ್ಟಿಲ್ಲ, ಶೀರ್ಷಿಕೆ ಪುಟವಿಲ್ಲ; ಉಳಿದಿರುವ ಮೊದಲ ಪುಟ ಒಂಬತ್ತನೆಯದು. ಆದ್ದರಿಂದ ಲೇಖಕರು ಯಾರು, ಪ್ರಕಾಶಕರು ಯಾರು, ಬೆಲೆ ಎಷ್ಟು ಎಂಬ ಯಾವ ಪೂರ್ವಗ್ರಹವೂ ಇಲ್ಲದೆ ಕೃತಿಯನ್ನು ಓದುವ ಅಪೂರ್ವ ಅವಕಾಶ ಒದಗಿದೆ. ಓಲೆಗರಿಯ ಹುಳುಕು, ಲಿಪಿಕಾರನ ಕೈತಪ್ಪು, ಅಕ್ಷರಗಳ ಪಲ್ಲಟ ಇವುಗಳನ್ನು ನಿಭಾಯಿಸುವ ಬಗೆಯನ್ನು ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ'ಯಲ್ಲಿ (1964) ಕಲಿಸಿಕೊಟ್ಟಿದ್ದಾರೆ. ಆದರೆ ಊಟದ ಡಬ್ಬಿಯ ಪಕ್ಕದಲ್ಲಿಟ್ಟು ಓದಿದ ಪುಸ್ತಕದ ಸಂಪಾದನೆಗೆ ಪ್ರತ್ಯೇಕ ಶಾಸ್ತ್ರವೇ ಬೇಕು. ಅದರ ಮೊದಲ ಸೂತ್ರವನ್ನು ಇಲ್ಲಿ ಮಂಡಿಸುತ್ತೇವೆ: ಎಣ್ಣೆಯ ಕಲೆಯೇ ವಿಮರ್ಶೆ.

ಪುಸ್ತಕದ ಮೊದಲರ್ಧದಲ್ಲಿ ಅರಿಶಿನ ಬಣ್ಣದ ಕಲೆಗಳು ಧಾರಾಳವಾಗಿವೆ. ಬಣ್ಣ ನೋಡಿದರೆ ಚಿತ್ರಾನ್ನ. ಅಂದರೆ ಓದು ನಡೆದಿರುವುದು ಮಧ್ಯಾಹ್ನದ ಬಿಡುವಿನಲ್ಲಿ, ಡಬ್ಬಿಯಿಂದ ತಿನ್ನುತ್ತ. ನಾಯಕ ನಾಯಿಕೆ ಮಾತು ಬಿಡುವ ಮೂರು ಅಧ್ಯಾಯಗಳಲ್ಲಿ ಮಾತ್ರ ಒಂದು ಹನಿ ಕಲೆಯೂ ಇಲ್ಲ. ಓದುಗರು ತುತ್ತು ಎತ್ತುವುದನ್ನು ನಿಲ್ಲಿಸಿದ್ದಾರೆ. ರಸಾನುಭವದ ಉತ್ಕಟತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಯಾವ ವಿಚಾರಸಂಕಿರಣವೂ ಒದಗಿಸಿಲ್ಲ. ರಾಜಿಯಾಗುವ ಅಧ್ಯಾಯದಲ್ಲಿ ಕಲೆ ಮತ್ತೆ ಶುರು.

2. ಕಥಾಸಾರ

ಕತೆ ಜೂನ್‌ನಲ್ಲಿ ಆರಂಭವಾಗುತ್ತದೆ. ನಾಯಿಕೆ ಪಟ್ಟಣದಿಂದ ಹತ್ತನೇ ತರಗತಿಗೆ ಹೊಸದಾಗಿ ಬಂದು ಸೇರುತ್ತಾಳೆ. ನಾಯಕ ಕಬಡ್ಡಿ ತಂಡದ ನಾಯಕನೂ ಹೌದು. ಅವನಿಗೊಂದು ಸೈಕಲ್ ಇದೆ. ಆಗಸ್ಟ್ 15ರ ಮೆರವಣಿಗೆಯಲ್ಲಿ ನೋಟ, ಗಣೇಶನ ಹಬ್ಬದಲ್ಲಿ ಮಾತು, ದಸರಾ ರಜೆಯಲ್ಲಿ ಅಗಲಿಕೆ. ಒಂದು ಚೀಟಿ ತಪ್ಪಿ ಬೇರೆಯವಳ ಬ್ಯಾಗಿಗೆ ಬೀಳುತ್ತದೆ. ಮೂರು ಅಧ್ಯಾಯ ಮೌನ. ವಾರ್ಷಿಕೋತ್ಸವದ ನಾಟಕದಲ್ಲಿ ಇಬ್ಬರೂ ಒಂದೇ ವೇದಿಕೆ ಹತ್ತಬೇಕಾಗಿ ಬಂದು ಕಣ್ಣು ತುಂಬಿಕೊಳ್ಳುತ್ತಾರೆ. ಕೊನೆಗೆ ಮಾರ್ಚ್ ತಿಂಗಳಲ್ಲಿ, ಧೋ ಎಂದು ಸುರಿಯುವ ಮಳೆಯಲ್ಲಿ, ಶಾಲೆಯ ಗೇಟಿನ ಬಳಿ ನಾಯಿಕೆ ಕ್ಷಮೆ ಕೇಳುತ್ತಾಳೆ, ನಾಯಕ ನಗುತ್ತಾನೆ. ಮುಗಿಯಿತು.

ಇಡೀ ಕಾದಂಬರಿಯಲ್ಲಿ ಗಣಿತದ ಮೇಷ್ಟ್ರು ಒಂದೇ ಸಲ ಬರುತ್ತಾರೆ, ಅದೂ ನಾಯಕನನ್ನು ತರಗತಿಯಿಂದ ಹೊರಗೆ ನಿಲ್ಲಿಸಿ ಅವನು ಕಿಟಕಿಯಿಂದ ನಾಯಿಕೆಯನ್ನು ನೋಡುವಂತೆ ಮಾಡಲು. ವಿಜ್ಞಾನದ ಮೇಡಂ ಬರುವುದೇ ಇಲ್ಲ. ಬೆಂಗಳೂರು ಸೀಮೆಯಲ್ಲಿ ಮಾರ್ಚ್ ತಿಂಗಳ ಧಾರಾಕಾರ ಮಳೆ ಅಪರೂಪ, ಮಾರ್ಚ್ ತಿಂಗಳ ಪರೀಕ್ಷೆ ಖಾಯಂ. ಕಾದಂಬರಿಕಾರರು ಅಪರೂಪವನ್ನು ಆರಿಸಿಕೊಂಡು ಖಾಯಂ ಆದದ್ದನ್ನು ಕೈಬಿಟ್ಟಿದ್ದಾರೆ.

3. ಶಾಸನಪಾಠ

'ಮುಗಿಯಿತು' ಎಂಬ ಅಚ್ಚಿನ ಅಕ್ಷರಗಳ ಕೆಳಗೆ ಐದು ಸಾಲುಗಳಿವೆ. ಶಾಯಿ ಮತ್ತು ಅಕ್ಷರದ ದುಂಡನ್ನು ಆಧರಿಸಿ ಅವುಗಳನ್ನು ನಾಲ್ಕು ಕೈಗಳಿಗೆ ಹಂಚಿದ್ದೇವೆ.

ಮೊದಲ ಸಾಲು, ನೀಲಿ ಬಾಲ್‌ಪೆನ್, ಮೊದಲ ಕೈ: "ಕತೆ ಚೆನ್ನಾಗಿದೆ. ಆದ್ರೆ ಇವ್ಳು ಪರೀಕ್ಷೆ ಬರುದ್ಲಾ ಇಲ್ವಾ ಹೇಳೇ ಇಲ್ಲ."

ಎರಡನೆಯ ಸಾಲು, ಕೆಂಪು ಶಾಯಿ, ಎರಡನೆಯ ಕೈ: "ಬರೆದಳು. ಪಾಸ್."

ಮೂರನೆಯ ಸಾಲು, ಪೆನ್ಸಿಲ್, ಮೂರನೆಯ ಕೈ: "ನೀನ್ ನೋಡಿದ್ಯಾ?"

ನಾಲ್ಕನೆಯ ಸಾಲು, ಹಸಿರು ಸ್ಕೆಚ್ ಪೆನ್, ನಾಲ್ಕನೆಯ ಕೈ: "ಬಾಗುಂದಿ". ಪಕ್ಕದಲ್ಲಿ ಬಾಣ ನೆಟ್ಟ ಹೃದಯದ ಚಿತ್ರ.

ಐದನೆಯ ಸಾಲು, ಮತ್ತೆ ನೀಲಿ ಬಾಲ್‌ಪೆನ್, ನಿಸ್ಸಂದೇಹವಾಗಿ ಮೊದಲ ಕೈ: "ಪಾಸ್ ಅಂದ್ರೆ ಸಾಲ್ದು. ಎಷ್ಟು?"

ನಾಲ್ಕನೆಯ ಸಾಲು ಕನ್ನಡ ಲಿಪಿಯ ತೆಲುಗು; 'ಚೆನ್ನಾಗಿದೆ' ಎಂದರ್ಥ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳು ಹೊಸಕೋಟೆ, ಮಾಲೂರು, ಕೋಲಾರದ ಕಡೆ ಬೇಕಾದಷ್ಟಿರುವುದರಿಂದ ಇದರಲ್ಲಿ ಅಚ್ಚರಿಯೇನಿಲ್ಲ. ಗಡಿನಾಡಿನ ಶಾಸನ ಎರಡು ಭಾಷೆಯಲ್ಲಿಲ್ಲದಿದ್ದರೆ ಆಗ ಅದರ ಅಸಲಿಯತ್ತಿನ ಬಗ್ಗೆ ಅನುಮಾನಪಡಬೇಕು.

4. ಕಾಲನಿರ್ಣಯ

ಮೊದಲು ಕಾದಂಬರಿಯ ಕಾಲ. ಇದರಲ್ಲಿ ನಾಯಕನ ಸೈಕಲ್ಲನ್ನು ಇಡೀ ಶಾಲೆ ನಿಂತು ನೋಡುತ್ತದೆ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಲು ಆರಂಭಿಸಿತು. ಆಮೇಲೆ ನಾಯಕನಿಗಿದ್ದ ಸೈಕಲ್ಲೇ ನಾಯಿಕೆಗೂ ಬಂತು, ಖಳನಾಯಕನಿಗೂ ಬಂತು. ಸೈಕಲ್ ನೋಡಿ ಮನಸೋಲುವ ಸನ್ನಿವೇಶ ಶಾಸ್ತ್ರೀಯವಾಗಿ ಅಸಾಧ್ಯವಾಯಿತು. ಆದ್ದರಿಂದ ಕಾದಂಬರಿ ರಚನೆಯಾದದ್ದು 2006ಕ್ಕಿಂತ ಮುಂಚೆ.

ಶಾಸನದ ಕಾಲ ಇಷ್ಟು ಸುಲಭದ್ದಲ್ಲ. "ಬರುದ್ಲಾ ಇಲ್ವಾ" ಎಂಬ ಪ್ರಶ್ನೆ ಯಾವ ಕಾಲದಲ್ಲಿ ಸಹಜ? ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವುದೇ ಖಚಿತವಾಗಿದ್ದ ವರ್ಷಗಳಲ್ಲಿ ಈ ಪ್ರಶ್ನೆ ನಾಯಿಕೆಯ ಬಗ್ಗೆ. 2020ರಲ್ಲಿ ಮಾತ್ರ ಮಾರ್ಚ್‌ನಲ್ಲಿ ನಡೆಯಬೇಕಿದ್ದ ಪರೀಕ್ಷೆ ಕೊರೊನಾದಿಂದ ಮುಂದಕ್ಕೆ ಹೋಗಿ ಜೂನ್ 25ಕ್ಕೆ ಆರಂಭವಾಯಿತು. ಅಲ್ಲಿಯವರೆಗೆ ರಾಜ್ಯದ ಪ್ರತಿ ಮನೆಯಲ್ಲೂ ಇದೇ ಪ್ರಶ್ನೆ ಇತ್ತು, ಉತ್ತರ ಮಂತ್ರಿಗಳಿಗೂ ಗೊತ್ತಿರಲಿಲ್ಲ. 2021ರಲ್ಲಿ ಆರು ವಿಷಯಗಳ ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಬಹು ಆಯ್ಕೆ ಪ್ರಶ್ನೆಗಳಿಂದ ಮುಗಿಸಿದರು, ಬರೆದವರು ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. ಎರಡನೆಯ ಕೈ ಯಾವ ಹಿಂಜರಿಕೆಯೂ ಇಲ್ಲದೆ "ಬರೆದಳು. ಪಾಸ್" ಎಂದು ತೀರ್ಪು ಕೊಡುವುದು ಈ ವರ್ಷಕ್ಕೆ ಚೆನ್ನಾಗಿ ಹೊಂದುತ್ತದೆ. ಎಲ್ಲರೂ ಪಾಸಾದ ಕಾಲದಲ್ಲಿ ಪಾಸಿಗೆ ಬೆಲೆಯಿಲ್ಲ. ಅಂಕಕ್ಕೆ ಮಾತ್ರ ಬೆಲೆ. ಮೊದಲ ಕೈ ಹಿಂತಿರುಗಿ ಬಂದು "ಎಷ್ಟು?" ಎಂದು ಕೇಳಿದ್ದಕ್ಕೆ ಐತಿಹಾಸಿಕ ಕಾರಣ ಇಲ್ಲಿದೆ.

2023-24ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಎಂದು ಮೂರು ಅವಕಾಶಗಳು ಬಂದಿವೆ. ಶಾಸನ ಅದರ ನಂತರದ್ದಾಗಿದ್ದರೆ ಪ್ರಶ್ನೆ "ಯಾವುದನ್ನು ಬರುದ್ಲು" ಎಂದಿರಬೇಕಿತ್ತು. ಆದ್ದರಿಂದ ಶಾಸನದ ಕಾಲ 2020-21. ಇದನ್ನು ಒಪ್ಪದವರು ತಮ್ಮ ವಾದವನ್ನು ಕೆಂಪು ಶಾಯಿಯಲ್ಲಿ ಬರೆದು ಕಳಿಸಬಹುದು.

5. ಪ್ರಮಾಣವಿಚಾರ

ಐದೇ ಸಾಲಿನಲ್ಲಿ ಭಾರತೀಯ ದರ್ಶನಗಳೆಲ್ಲ ಅಡಗಿರುವುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಎರಡನೆಯ ಕೈ ಶಬ್ದಪ್ರಮಾಣವಾದಿ: ನಾನು ಹೇಳುತ್ತಿದ್ದೇನೆ, ಆದ್ದರಿಂದ ಅವಳು ಪಾಸು. ಮೂರನೆಯ ಕೈ ಚಾರ್ವಾಕ: ಕಣ್ಣಿಗೆ ಕಾಣದ್ದನ್ನು ಒಪ್ಪುವುದಿಲ್ಲ, ನೀನು ಮಾರ್ಕ್ಸ್ ಕಾರ್ಡ್ ನೋಡಿದ್ದೀಯಾ? ನಾಲ್ಕನೆಯ ಕೈ ಶುದ್ಧ ರಸವಾದಿ. ಬರೆದರೇನು, ಬಿಟ್ಟರೇನು, ಕತೆ ಚೆನ್ನಾಗಿದೆಯಲ್ಲ. ಹೃದಯ ಬರೆದು ಬಾಣ ಹೊಡೆದರೆ ವಿಮರ್ಶೆ ಸಂಪೂರ್ಣ.

ಎರಡನೆಯ ಕೈ ಕೆಂಪು ಶಾಯಿಯದಾದ್ದರಿಂದ ಅದು ಉಪಾಧ್ಯಾಯರದಿರಬೇಕೆಂದು ಒಂದು ಪಕ್ಷ. ಉಪಾಧ್ಯಾಯರಾಗಿದ್ದರೆ ಮೊದಲು ಕಾಗುಣಿತ ತಿದ್ದುತ್ತಿದ್ದರು, ಆಮೇಲೆ ಪುಸ್ತಕ ವಶಪಡಿಸಿಕೊಳ್ಳುತ್ತಿದ್ದರು, ಆಮೇಲೆ ಸ್ಟಾಫ್ ರೂಮಿನಲ್ಲಿ ತಾವೇ ಓದುತ್ತಿದ್ದರು ಎಂಬುದು ಎದುರು ಪಕ್ಷ. ಪುಸ್ತಕ ಐದನೆಯ ಸಾಲಿಗಾಗಿ ಮೊದಲ ಕೈಗೆ ಮರಳಿರುವುದರಿಂದ ಅದು ವಶವಾಗಿಲ್ಲವೆಂಬುದು ಸಿದ್ಧ. ಕೆಂಪು ಪೆನ್ನು ಯಾರೋ ಮಾರ್ಜಿನ್ ಹಾಕಲು ತಂದದ್ದು.

ಮೊದಲ ಕೈಯನ್ನು ಯಾವ ದರ್ಶನಕ್ಕೆ ಸೇರಿಸುವುದು? ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕಾವ್ಯದ ಗುಣದೋಷಗಳನ್ನು ಅಧ್ಯಾಯಗಟ್ಟಲೆ ವಿವರಿಸುತ್ತದೆ. ಓದು ಬಾರದವರಲ್ಲೂ ಚಿಕ್ಕ ಮಕ್ಕಳಲ್ಲೂ ಮಾತಿನ ವಿವೇಕ ಇರುತ್ತದೆಂದು ಒಪ್ಪಿಕೊಳ್ಳುತ್ತದೆ. ಆದರೆ ಅದರ ದೋಷಗಳ ಪಟ್ಟಿಯಲ್ಲಿ 'ನಾಯಿಕೆಯ ಫಲಿತಾಂಶ ಪ್ರಕಟಿಸದಿರುವುದು' ಎಂಬ ದೋಷವಿಲ್ಲ. ಹನ್ನೊಂದು ಶತಮಾನ ಕಳೆದ ಮೇಲೆ ಆ ಪಟ್ಟಿಗೆ ಒಂದು ಹೆಸರು ಸೇರಿಸುವ ಯೋಗ ಅನುಗೊಂಡನಹಳ್ಳಿಗೆ ಬಂದಿದೆ. ಇದನ್ನು 'ಅನುತ್ತೀರ್ಣಾನುಕ್ತಿ ದೋಷ' ಎಂದು ಕರೆಯಲು ಸೂಚಿಸುತ್ತೇವೆ. ಸಂಸ್ಕೃತದಲ್ಲಿಲ್ಲದ ದೋಷವನ್ನು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ.

6. ಪೂರ್ವಸೂರಿಗಳು

ಈ ದೋಷ ನಮ್ಮ ಅನಾಮಿಕ ಕಾದಂಬರಿಕಾರರೊಬ್ಬರದೇ ಅಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನ 'ಲೀಲಾವತಿ'ಯಲ್ಲಿ ರಾಜಕುಮಾರ ಕಂದರ್ಪ ಕನಸಿನಲ್ಲಿ ಹುಡುಗಿಯನ್ನು ಕಂಡು, ಎಚ್ಚರವಾದ ಮೇಲೆ ಹುಡುಕಿಕೊಂಡು ಹೊರಡುತ್ತಾನೆ. ನಾಯಕ ನಾಯಿಕೆಯರ ಸೌಂದರ್ಯಕ್ಕೆ ವರ್ಣನೆ ಬೇಕಾದಷ್ಟು; ಅವರಿಬ್ಬರ ಅಂಕಪಟ್ಟಿ ಮಾತ್ರ ಎಲ್ಲೂ ಇಲ್ಲ. ಅರಮನೆಯವರಿಗೆ ಅದು ನಡೆಯುತ್ತದೆ.

ಅನುಗೊಂಡನಹಳ್ಳಿಗೆ ಪಕ್ಕದ ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ರಂಗನ ಮದುವೆ'ಯಲ್ಲಿ ಹುಡುಗ ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಊರಿಗೆ ಬಂದದ್ದೇ ಊರಿಗೆಲ್ಲ ಸುದ್ದಿ. ರತ್ನ ಹಾಡುತ್ತಾಳೆ, ರಂಗ ಕೇಳುತ್ತಾನೆ, ಜೋಯಿಸರನ್ನು ಮುಂಚಿತವಾಗಿ ಪಾಠ ಹೇಳಿ ಸಿದ್ಧಪಡಿಸಿದ ಮೇಲೆ ಮದುವೆಯಾಗುತ್ತದೆ. ಆ ಕತೆಯಲ್ಲಿ ಪಾಠ ಒಪ್ಪಿಸಿ ಪಾಸಾದವರು ಜೋಯಿಸರೊಬ್ಬರೇ. 1920ರಲ್ಲಿ ಪುಸ್ತಕವಾಗಿ ಬಂದ ಕತೆಯಿಂದ ರತ್ನಳ ಅಂಕಪಟ್ಟಿ ಕೇಳುವುದು ಅನ್ಯಾಯ. ನಮ್ಮ ಶಾಸನಕಾರ್ತಿ ಸಿಕ್ಕಿದ್ದರೆ ಕೇಳಿಯೇ ಕೇಳುತ್ತಿದ್ದಳು.

ಹಾಗೆ ಅಡ್ಡ ಬಾಯಿ ಹಾಕಿ ಕೇಳಿದ ಮೊದಲ ಓದುಗಾರ್ತಿಯೂ ಕನ್ನಡದವಳೇ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ (1870-1901), ಮುದ್ದಣನೆಂಬ ಹೆಸರಿನಿಂದ 'ಶ್ರೀರಾಮಾಶ್ವಮೇಧ' ಬರೆದಾಗ, ಕತೆ ಕೇಳುವ ಮನೋರಮೆಯನ್ನು ಕತೆಯೊಳಗೇ ಕೂರಿಸಿದರು. ಪದ್ಯದಲ್ಲಿ ಬೇಡ ಎಂದವಳು ಅವಳು, ಅರ್ಥವಾಗದಿದ್ದಾಗ ತಡೆದವಳು ಅವಳು, ನಡುನಡುವೆ ಕೊಂಕು ತೆಗೆದವಳು ಅವಳು. ಹೀಗೆ ಕನ್ನಡದ ಮೊದಲ ಬಹಿರಂಗ 'ಓದುಗರ ಅಭಿಪ್ರಾಯ' ಒಬ್ಬ ಡ್ರಿಲ್ ಮೇಷ್ಟ್ರ ಕೃತಿಯಲ್ಲಿ ಮೂಡಿತೆಂಬುದನ್ನು, ಗಣಿತದ ಮೇಷ್ಟ್ರಿಗೆ ಒಂದೇ ದೃಶ್ಯ ಕೊಟ್ಟ ನಮ್ಮ ಕಾದಂಬರಿಕಾರರು ಗಮನಿಸಬೇಕಿತ್ತು.

ತ್ರಿವೇಣಿಯವರು (1928-1963) ಮಾತ್ರ ಬೇರೆ ದಾರಿ ಹಿಡಿದರು. ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದ ಅವರ 'ಬೆಳ್ಳಿಮೋಡ'ದಲ್ಲಿ, ಆಸ್ತಿ ಕೈತಪ್ಪಿತೆಂದು ದೂರ ಸರಿದಿದ್ದ ಹುಡುಗ ಮನಸ್ಸು ಬದಲಾಯಿಸಿ ಹಿಂದಿರುಗಿ ಬಂದಾಗ ಇಂದಿರಾ ಒಪ್ಪುವುದಿಲ್ಲ. ಮಳೆ ಬರಿಸಿ, ಕ್ಷಮೆ ಕೇಳಿಸಿ ಮುಗಿಸುವ ಅವಕಾಶ ಅಲ್ಲಿತ್ತು, ಲೇಖಕಿ ಬಳಸಿಕೊಳ್ಳಲಿಲ್ಲ. ನಮ್ಮ ಕಾದಂಬರಿಯಲ್ಲಿ ಚೀಟಿ ತಪ್ಪಿ ಬಿದ್ದದ್ದು ನಾಯಕನ ಕೈಯಿಂದ, ಕ್ಷಮೆ ಕೇಳಿದ್ದು ನಾಯಿಕೆ. ತ್ರಿವೇಣಿಯವರ ನಂತರ ಇಷ್ಟು ವರ್ಷ ಕಳೆದೂ ಹೀಗಾದದ್ದು ಮುಂದುವರಿಕೆಯೋ ಹಿಂಜರಿಕೆಯೋ ಎಂಬುದನ್ನು ಬೇರೆ ಪ್ರಬಂಧದಲ್ಲಿ ನೋಡಬೇಕು.

ವಿದೇಶಗಳ ಸ್ಥಿತಿಯೂ ಆಶಾದಾಯಕವಲ್ಲ. ಹದಿಹರೆಯದವರ ಕಾದಂಬರಿಗಳಿಗೆ ಮೂಲವೆಂದು ಅಮೆರಿಕದಲ್ಲಿ ಹಲವರು ಹೆಸರಿಸುವ ಮೌರೀನ್ ಡೇಲಿಯವರ 'ಸೆವೆಂಟೀಂತ್ ಸಮ್ಮರ್' (1942) ನಾಯಿಕೆ ಹೈಸ್ಕೂಲು ಮುಗಿಸಿದ ಮೇಲಿನ ಬೇಸಿಗೆಯಲ್ಲಿ ನಡೆಯುತ್ತದೆ. ಪರೀಕ್ಷೆ ಮುಗಿದ ಮೇಲೆ ಪ್ರೀತಿ: ಲೇಖಕಿಯ ಜಾಣತನಕ್ಕೆ ಅನುಗೊಂಡನಹಳ್ಳಿಯ ತಾಯಂದಿರೂ ತಲೆದೂಗಬೇಕು. ಜೆನ್ನಿ ಹಾನ್ ಅವರ ಕಾದಂಬರಿಗಳ ನಾಯಿಕೆ ಲಾರಾ ಜೀನ್ 2014ರಲ್ಲಿ ಪ್ರೇಮಪತ್ರಗಳ ಗೊಂದಲದಲ್ಲಿ ಸಿಕ್ಕಿ, ಕಾಲೇಜು ಸೀಟಿನ ಚಿಂತೆಗೆ ಬರುವುದು ಮೂರನೆಯ ಪುಸ್ತಕದಲ್ಲಿ, 2017ರಲ್ಲಿ. ನಮ್ಮ ಓದುಗಾರ್ತಿ ಮೊದಲ ಪುಸ್ತಕದ ಕೊನೆಯ ಪುಟದಲ್ಲೇ ಕೇಳಿದ್ದಾಳೆ. ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್'ನ (2005) ನಾಯಕನದಂತೂ ವಿಶೇಷ ಪ್ರಕರಣ. ರಕ್ತಪಿಶಾಚಿಯಾದ ಅವನು 1918ರಿಂದ ಹದಿನೇಳು ವರ್ಷದವನಾಗಿಯೇ ಉಳಿದು ಇಂದಿಗೂ ಹೈಸ್ಕೂಲಿಗೆ ಹೋಗುತ್ತಿದ್ದಾನೆ. ವಿಮರ್ಶಕರು ಇದನ್ನು ಅಮರತ್ವವೆಂದು ಬಣ್ಣಿಸಿದ್ದಾರೆ. ನಮ್ಮಲ್ಲಿ ಅಂಥವರನ್ನು ರಿಪೀಟರ್ ಎನ್ನುತ್ತಾರೆ.

7. ರಸವಿಚಾರ ಮತ್ತು ಸ್ಥಳೀಯ ವಿಘ್ನಗಳು

ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸ ಹುಟ್ಟುತ್ತದೆಂದು ಭರತ. ನಮ್ಮ ಕಾದಂಬರಿಯಲ್ಲಿ ಉದ್ದೀಪನ ವಿಭಾವವಾಗಿ ಮಳೆ, ಮಲ್ಲಿಗೆ, ತಂಗಾಳಿ ಎಲ್ಲ ಇವೆ. ಅನುಗೊಂಡನಹಳ್ಳಿಯಲ್ಲಿ ಕೂತು ಓದುವವರಿಗೆ ಸಿಗುವುದು ನೀಲಗಿರಿ ತೋಪು, ರಾಗಿ ಹೊಲದ ಪಕ್ಕದ ಸೈಟಿನ ಕಲ್ಲುಗಳು ಮತ್ತು ದೂಳೆಬ್ಬಿಸುವ ಟಿಪ್ಪರ್ ಲಾರಿ. ಪಶ್ಚಿಮಕ್ಕೆ ವೈಟ್‌ಫೀಲ್ಡ್‌ನ ಕಂಪನಿಗಳು, ಪೂರ್ವಕ್ಕೆ ಮಾಲೂರಿನ ಹೆಂಚು ಇಟ್ಟಿಗೆಯ ಗೂಡುಗಳು. ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೇಳಿದ. ಟಿಪ್ಪರ್ ಲಾರಿ ಎಂಟನೆಯದು.

ಒಂಬತ್ತನೆಯದು ಬಸ್ಸು. ಕಾದಂಬರಿಯಲ್ಲಿ ಪ್ರೇಮಿಗಳು ಸಂಜೆ ಹೊತ್ತು ಮುಳುಗುವವರೆಗೂ ಗೇಟಿನ ಬಳಿ ನಿಂತಿರುತ್ತಾರೆ. ಇಲ್ಲಿ ನಿಂತರೆ ಬಸ್ಸು ಹೋಗುತ್ತದೆ, ಬಸ್ಸು ಹೋದರೆ ಮನೆಗೆ ಸುದ್ದಿ ಮುಂಚೆಯೇ ಹೋಗುತ್ತದೆ. ಹೋಬಳಿಯ ಬಸ್ಸಿನಲ್ಲಿ ಅಪರಿಚಿತರೆಂಬುವರಿಲ್ಲ: ಮುಂದಿನ ಸೀಟಿನಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ, ಬಾಗಿಲಲ್ಲಿ ಅಪ್ಪನ ಜೊತೆ ಓದಿದ ಅಣ್ಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಗೆ ಶೂನ್ಯ ಟಿಕೆಟ್, ಹುಡುಗನಿಗೆ ದುಡ್ಡಿನ ಟಿಕೆಟ್ ಅಥವಾ ಪಾಸು. ಪ್ರೇಮದ ಖರ್ಚೆಲ್ಲ ಒಂದೇ ಕಡೆಗೆ ವಾಲಿದ್ದರ ಪರಿಣಾಮವನ್ನು ಯಾವ ಕಾದಂಬರಿಯೂ ಇನ್ನೂ ಚಿತ್ರಿಸಿಲ್ಲ.

ಪಾತ್ರಗಳಿಗಿಂತ ಹೆಚ್ಚಿನ ವಿರಹ ಈ ಪುಸ್ತಕದ ಓದುಗರಿಗೆ ಆಗಿದೆಯೆಂಬುದು ನಮ್ಮ ಇನ್ನೊಂದು ಸ್ಥಾಪನೆ. ಒಂದೇ ಪ್ರತಿ, ನಾಲ್ಕು ಕೈ. ಶಾಸ್ತ್ರಕಾರರು ಹೇಳಿದ ಹತ್ತು ಅವಸ್ಥೆಗಳನ್ನು ಸರದಿಗಾಗಿ ಕಾಯುವ ಓದುಗಾರ್ತಿಗೆ ಹೊಂದಿಸಿ ನೋಡಬಹುದು. ಪುಸ್ತಕವಿದೆಯೆಂದು ಕೇಳಿದಾಗ ಅಭಿಲಾಷೆ. ಈಗ ಯಾರ ಹತ್ತಿರವಿದೆ ಎಂಬುದು ಚಿಂತೆ. ಗೆಳತಿ ಹೇಳಿದ ಅರ್ಧ ಕತೆಯ ಮೆಲುಕು ಸ್ಮೃತಿ. ಓದದೆಯೇ ಇತರರ ಮುಂದೆ ಹೊಗಳುವುದು ಗುಣಕೀರ್ತನೆ. ಅವಳು ಇನ್ನೂ ವಾಪಸು ಕೊಟ್ಟಿಲ್ಲವೆಂಬುದು ಉದ್ವೇಗ. ಸಮಾಜ ಪಾಠದ ಮಧ್ಯೆ ಗೊಣಗುವುದು ಪ್ರಲಾಪ. ಪಾಠಪುಸ್ತಕದೊಳಗೆ ಇಟ್ಟು ಓದುವುದು ಉನ್ಮಾದ. ರಾತ್ರಿ ಕರೆಂಟ್ ಹೋದ ಮೇಲೂ ಮೊಬೈಲ್ ಬೆಳಕಿನಲ್ಲಿ ಓದಿ ಕಣ್ಣು ಉರಿಸಿಕೊಳ್ಳುವುದು ವ್ಯಾಧಿ. ಮರುದಿನ ಬೆಂಚಿನ ಮೇಲೆ ತೂಕಡಿಸುವುದು ಜಡತೆ. ಹತ್ತನೆಯದಾದ ಮರಣ ಅರ್ಧವಾರ್ಷಿಕದ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸುವಾಗ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನಿರುತ್ತಾನೆಂದು ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಸೂತ್ರ ಹಾಕಿಕೊಟ್ಟರು. ಒಂದು ಪುಸ್ತಕಕ್ಕೆ ನಾಲ್ವರು ಏಕಕಾಲಕ್ಕೆ ಜಗಳವಾಡಿದರೆ ಏನು ಮಾಡಬೇಕೆಂದು ಆ ಸೂತ್ರದಲ್ಲಿ ಇಲ್ಲ.

8. ಕರ್ತೃವಿಚಾರ

ಮೊದಲ ಕೈ ಯಾರದು? ಪರೀಕ್ಷೆಯ ಬಗ್ಗೆ ಇಷ್ಟು ಕಾಳಜಿ ಇರುವುದು ಓದಿನಲ್ಲಿ ಮುಂದಿರುವ ಹುಡುಗಿಗೆ ಎಂಬುದು ಒಂದು ವಾದ. ಫಲಿತಾಂಶ ಬಂದ ಮರುದಿನ ಪತ್ರಿಕೆಗಳು ಪ್ರತಿವರ್ಷ ಬಾಲಕಿಯರೇ ಮೇಲುಗೈ ಎಂದು ಅಚ್ಚು ಹಾಕುತ್ತವೆ. ಕಾದಂಬರಿಯ ನಾಯಿಕೆಯರು ಮಾತ್ರ ಅದೇ ತಿಂಗಳುಗಳಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿರುತ್ತಾರೆ. ಪತ್ರಿಕೆಯನ್ನೂ ಕಾದಂಬರಿಯನ್ನೂ ಓದುವ ಹುಡುಗಿಗೆ ಈ ಎರಡು ಲೋಕ ತಾಳೆಯಾಗದೆ ಪ್ರಶ್ನೆ ಹುಟ್ಟಿರಬಹುದು. ಫಲಿತಾಂಶದ ಬಗ್ಗೆ ಸದಾ ಕೇಳುವವರು ನೆಂಟರು, ಆದ್ದರಿಂದ ಬರೆದವರು ಯಾರದೋ ಸೋದರತ್ತೆ ಎಂಬುದು ಇನ್ನೊಂದು ವಾದ. "ಎಷ್ಟು?" ಎಂಬ ಒಂದೇ ಮಾತಿನ ಧಾಟಿ ಈ ವಾದಕ್ಕೆ ಬಲ ಕೊಡುತ್ತದೆ.

ಎರಡೂ ವಾದಗಳನ್ನು ಮುಂದಿಟ್ಟುಕೊಂಡು ಕ್ಷೇತ್ರಕಾರ್ಯಕ್ಕೆ ಹೊರಟಾಗ, ಬಸ್ ನಿಲ್ದಾಣದ ಬಳಿ ಹೂ ಕಟ್ಟುತ್ತ ಕೂತಿದ್ದ ಹೆಂಗಸೊಬ್ಬರಿಗೆ ಪುಟವನ್ನು ಓದಿ ಹೇಳಿದೆವು. ಭರತನನ್ನೂ ಸಂಕ್ಷೇಪವಾಗಿ ವಿವರಿಸಿದೆವು. ಅವರು ದಾರ ಕಚ್ಚಿ ತುಂಡರಿಸಿ ಹೇಳಿದರು:

"ಸರಿಯಾಗೇ ಕೇಳವ್ಳೆ ಬುಡಿ ಸ್ವಾಮಿ. ಪಾಸಾದ್ರೆ ಕಾಲೇಜು ಅಂತ ಇನ್ನೆರಡು ವರ್ಸ ಬಸ್ ಹತ್ತುತಾಳೆ. ಫೇಲಾದ್ರೆ ಮನೇಲಿ ಗಂಡ್ ನೋಡ್ತಾರೆ. ಆಮ್ಯಾಕೆ ಆ ಹುಡುಗ ನಕ್ಕರೇನು, ಅತ್ತರೇನು?"

"ಅಕ್ಕಾ, ಹಾಗಾದರೆ 'ಎಷ್ಟು' ಅಂತ ಯಾಕೆ ಕೇಳಿದಳು?"

"ಕಮ್ಮಿ ಬಂದ್ರೆ ಪಾಸಾದ್ರೂ ಕಾಲೇಜಿಗೆ ಯಾಕೆ ಅಂತಾರೆ. ಜಾಸ್ತಿ ಬಂದ್ರೆ ಮೇಷ್ಟ್ರೇ ಮನೆಗ್ ಬಂದು ಅವರಪ್ಪಂಗೆ ಹೇಳ್ತಾರೆ. ನೀವು ಮೇಷ್ಟ್ರಾ?"

ಅಲ್ಲ, ಸಂಶೋಧಕ ಎಂದಾಗ ಅವರು ಒಂದು ಮೊಳ ಹೂವನ್ನು ಕಾಯುತ್ತಿದ್ದ ಬೇರೆಯವರಿಗೆ ಕೊಟ್ಟರು.

ಈ ಸಾಕ್ಷ್ಯದಿಂದ ಕರ್ತೃವಿನ ಹೆಸರು ತಿಳಿಯಲಿಲ್ಲ, ಕರ್ತೃವಿನ ವಿಮರ್ಶಾಮಾರ್ಗ ತಿಳಿಯಿತು. ಅವಳು ಕೇಳಿದ್ದು ಕತೆಯ ಹೊರಗಿನ ಪ್ರಶ್ನೆಯಲ್ಲ. ನಾಯಿಕೆ ಬರೆದಳೋ ಇಲ್ಲವೋ ಎಂಬುದರ ಮೇಲೆ ಅವರಿಬ್ಬರೂ ಮತ್ತೆ ಭೇಟಿಯಾಗುತ್ತಾರೋ ಇಲ್ಲವೋ ಎಂಬುದು ನಿಂತಿದೆ. ಅಂಕಪಟ್ಟಿಯಿಲ್ಲದ ಮಳೆ ಬರೀ ಮಳೆ. ಕಾದಂಬರಿಕಾರರು ಪ್ರೇಮಕತೆಯನ್ನು ಸುಖಾಂತ ಮಾಡಿದ್ದೇವೆಂದುಕೊಂಡು, ಸುಖಾಂತವೇ ಎಂಬುದನ್ನು ತೀರ್ಮಾನಿಸುವ ಪುಟವನ್ನೇ ಬರೆಯದೆ ಎದ್ದುಹೋಗಿದ್ದಾರೆ. ಮೊದಲ ವಾಕ್ಯದಲ್ಲಿ "ಕತೆ ಚೆನ್ನಾಗಿದೆ" ಎಂದು ಹೊಗಳಿ ಎರಡನೆಯದರಲ್ಲಿ ಅದರ ಬುಡ ಅಲ್ಲಾಡಿಸಿದ ಈ ಓದುಗಾರ್ತಿ, ಹೊಗಳಿಕೆಯನ್ನು ಹಿಂತೆಗೆದುಕೊಂಡಿಲ್ಲವೆಂಬುದನ್ನೂ ಗಮನಿಸಬೇಕು. ಚಿತ್ರಾನ್ನ ಮರೆತು ಓದಿದವಳು ಅವಳೇ. ಮರೆಯುವಷ್ಟು ಇಷ್ಟಪಟ್ಟಿದ್ದರಿಂದಲೇ ನಾಯಿಕೆಯ ಮುಂದಿನ ಜೂನ್ ತಿಂಗಳ ಚಿಂತೆ ಅವಳಿಗೆ ಹತ್ತಿದೆ. ಕಾದಂಬರಿಕಾರರಿಗೆ ಅದು ಹತ್ತಲಿಲ್ಲ.

9. ನಿರ್ಣಯಗಳು

ಮೇಲಿನ ವಿಚಾರಮಂಥನದಿಂದ ಹೊರಬಿದ್ದ ನಿರ್ಣಯಗಳನ್ನು ಸಾಹಿತ್ಯಲೋಕದ ಮುಂದಿಡುತ್ತೇವೆ.

ಒಂದು: ಇನ್ನು ಮುಂದೆ ಹೈಸ್ಕೂಲು ಪ್ರೇಮ ಕಾದಂಬರಿ ಬರೆಯುವವರು ನಾಯಿಕೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅನುಬಂಧವಾಗಿ ಕೊಡತಕ್ಕದ್ದು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625ಕ್ಕೆ ಲೆಕ್ಕ ಸರಿಯಿರಬೇಕು. ಪ್ರೇಮಪತ್ರ ಬರೆದು ಬರೆದು ಕನ್ನಡದಲ್ಲಿ ಹೆಚ್ಚು ಬಂದಿದ್ದರೆ ಅದನ್ನು ಕಾವ್ಯನ್ಯಾಯವೆಂದು ಪರಿಗಣಿಸಲಾಗುವುದು.

ಎರಡು: ನಾಯಕನ ಅಂಕಪಟ್ಟಿಯೂ ಇರತಕ್ಕದ್ದು. ಕಬಡ್ಡಿ ಪ್ರಮಾಣಪತ್ರ ಅದಕ್ಕೆ ಬದಲಿಯಾಗುವುದಿಲ್ಲ.

ಮೂರು: ಚೀಟಿ ಯಾರ ಕೈಯಿಂದ ತಪ್ಪಿ ಬಿತ್ತೋ ಅವರೇ ಕ್ಷಮೆ ಕೇಳತಕ್ಕದ್ದು. ಮಳೆ ಐಚ್ಛಿಕ.

ನಾಲ್ಕು: 1918ರಿಂದ ಹೈಸ್ಕೂಲಿನಲ್ಲೇ ಇರುವ ನಾಯಕರು ವರ್ಗಾವಣೆ ಪತ್ರ ಹಾಜರುಪಡಿಸದೆ ನಮ್ಮ ಹೋಬಳಿಯ ಶಾಲೆಗಳಿಗೆ ಪ್ರವೇಶ ಕೇಳುವಂತಿಲ್ಲ.

ಐದು: ಓದುಗರು ಬರೆಯಲೆಂದು ಕೊನೆಯಲ್ಲಿ ಎರಡು ಖಾಲಿ ಪುಟಗಳನ್ನು ಪ್ರಕಾಶಕರು ಬಿಡತಕ್ಕದ್ದು. ಈಗ 'ಮುಗಿಯಿತು' ಕೆಳಗೆ ಇರುವ ಜಾಗ ನಾಲ್ಕು ದರ್ಶನಗಳಿಗೆ ಸಾಲುತ್ತಿಲ್ಲ. ಆ ಪುಟಗಳನ್ನು ಮೊದಲು ಓದಿದ ಮೇಲೆಯೇ ವಿಮರ್ಶಕರು ಪೆನ್ನಿನ ಕ್ಯಾಪು ತೆಗೆಯತಕ್ಕದ್ದು.

ಆರು: ಪ್ರಸ್ತುತ ಕಾದಂಬರಿಗೆ ಸಂಬಂಧಿಸಿದಂತೆ ಭಾಷೆ, ಕಥನ, ಸಂಭಾಷಣೆ ವಿಷಯಗಳಲ್ಲಿ ತೃಪ್ತಿಕರ ಅಂಕಗಳಿವೆ. ಆದರೆ ಕೊನೆಯ ಉತ್ತರಪತ್ರಿಕೆ ಇನ್ನೂ ಬಂದು ಸೇರಿಲ್ಲ. ಆದ್ದರಿಂದ ಈ ಕಾದಂಬರಿಯ ಫಲಿತಾಂಶವನ್ನು ತಡೆಹಿಡಿಯಲಾಗಿದೆ.